ತೊರಪಲ್ಲಿಯ ಉಬ್ಬಸ, ಕೋಶಗಳ ಕಿವಿಮಾತು

ಹೊಸೂರಿಗೆ ಹತ್ತಿರದಲ್ಲೇ, ದಕ್ಷಿಣ ಪಿನಾಕಿನಿ ಹರಿಯುವ ಸೀಮೆಯಲ್ಲಿ ತೊರಪಲ್ಲಿ ಅಗ್ರಹಾರವಿದೆ. ಹೆಸರು ಕೇಳಿದರೆ ಕನ್ನಡದ ಕಿವಿಗೆ ಮೊದಲು ತೊರೆಯೇ ಕೇಳಿಸುತ್ತದೆ. ಆಡಳಿತ ತಮಿಳುನಾಡಿನದಾದರೂ ಇಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ವ್ಯಾಪಾರ ನಡೆಯುತ್ತದೆ. 1878ರ ಡಿಸೆಂಬರ್ 10ರಂದು ಈ ಊರಿನ ಮುನ್ಸೀಫರ ಮನೆಯಲ್ಲಿ ಹುಟ್ಟಿದ ಮಗು ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿತು, ಸೇಲಂನಲ್ಲಿ ವಕೀಲಿ ಮಾಡಿತು, ಸ್ವತಂತ್ರ ಭಾರತದ ಮೊದಲ ಮತ್ತು ಕೊನೆಯ ಭಾರತೀಯ ಗವರ್ನರ್ ಜನರಲ್ ಆಯಿತು. ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ ಆ ಮನೆ ಈಗ ಸ್ಮಾರಕ.

ರಾಜಾಜಿಯವರ ರಾಜಕೀಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವರ ಉಸಿರಾಟದ ಬಗ್ಗೆ ಬರೆದವರು ಕಡಿಮೆ. ತೆಳ್ಳಗಿನ ಮೈಕಟ್ಟಿನ ಈ ಮನುಷ್ಯನನ್ನು ಉಬ್ಬಸ ಬಹುಕಾಲ ಕಾಡಿತು. 1921ರ ಡಿಸೆಂಬರಿನಲ್ಲಿ ಅಸಹಕಾರ ಚಳವಳಿಗಾಗಿ ಬಂಧಿತರಾಗಿ ಮೂರು ತಿಂಗಳು ವೆಲ್ಲೂರು ಜೈಲಿನಲ್ಲಿದ್ದಾಗಲೂ ಅದು ಜೊತೆಗಿತ್ತು. ಉಬ್ಬಸದ ರಾತ್ರಿ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಮಲಗಲಾಗದು, ಎದ್ದು ಕೂತು ಮುಂದಕ್ಕೆ ಬಾಗಿ ಎರಡೂ ಕೈ ಊರಿಕೊಳ್ಳಬೇಕು. ಒಳಗೆ ಎಳೆದ ಗಾಳಿ ಹೊರಗೆ ಹೋಗಲು ಒಲ್ಲದು, ಎದೆಯೊಳಗಿಂದ ಕೊಳಲಿನಂಥ ಸೀಟಿ.

ಆಗಿನ ಕಾಲಕ್ಕೆ ಇದ್ದ ಮದ್ದುಗಳಲ್ಲಿ ಒಂದು ಉಮ್ಮತ್ತಿ. ದತ್ತೂರ ಎಂದೂ ಕರೆಯುವ ಈ ಗಿಡವನ್ನು ಒಣಗಿಸಿ ಸೇದಿದರೆ ದಮ್ಮು ಸಡಿಲವಾಗುತ್ತದೆಂದು ದಕ್ಷಿಣ ಭಾರತದವರು ಅರಿತಿದ್ದರು. 1802ರಲ್ಲಿ ಜನರಲ್ ಜೆಂಟ್ ಎಂಬ ಅಧಿಕಾರಿ ಇದನ್ನು ಮದ್ರಾಸಿನಿಂದ ಬ್ರಿಟನ್ನಿಗೆ ಒಯ್ದ ಮೇಲೆ ಯುರೋಪಿನಲ್ಲೂ ದತ್ತೂರದ ಸಿಗರೇಟುಗಳು ಬಂದವು. ಗಿಡ ಕಡು ವಿಷದ್ದು, ಇಂದು ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು. ಅದು ಶ್ವಾಸನಾಳದ ಸ್ನಾಯುವಿಗೆ ನರ ಕೊಡುವ ಅಪ್ಪಣೆಯನ್ನು ತಡೆಯುತ್ತಿತ್ತು, ಅಷ್ಟೇ. ನಾಳದ ಗೋಡೆಯೊಳಗೆ ನಡೆಯುತ್ತಿದ್ದ ನಿಜವಾದ ಗಲಾಟೆ ಅದಕ್ಕೆ ನಿಲುಕುತ್ತಿರಲಿಲ್ಲ. ಆ ಗಲಾಟೆಯಲ್ಲಿ ದೊಡ್ಡ ಪಾತ್ರ ವಹಿಸುವ ಒಂದು ಅಣುವರ್ಗದ ಕತೆ ಇದು.

ಅದರ ಹೆಸರು ಪ್ರೊಸ್ಟಾಗ್ಲಾಂಡಿನ್. ಹೆಸರಿನಲ್ಲೇ ಒಂದು ತಪ್ಪು ಕೂತಿದೆ. 1930ರಲ್ಲಿ ನ್ಯೂಯಾರ್ಕಿನ ಕುರ್ಜ್‌ರಾಕ್ ಮತ್ತು ಲೀಬ್ ಎಂಬ ವೈದ್ಯರು ವೀರ್ಯ ತಾಗಿದ ಗರ್ಭಕೋಶದ ಸ್ನಾಯು ಒಮ್ಮೆ ಬಿಗಿದುಕೊಳ್ಳುವುದನ್ನೂ ಒಮ್ಮೆ ಸಡಿಲಗೊಳ್ಳುವುದನ್ನೂ ಕಂಡರು. ಅದಕ್ಕೆ ಕಾರಣವಾದ ವಸ್ತು ಪ್ರೊಸ್ಟೇಟ್ ಗ್ರಂಥಿಯದ್ದೆಂದು ತಿಳಿದ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1935ರಲ್ಲಿ ಈ ಹೆಸರಿಟ್ಟರು. ಅದು ಬರುವುದು ಪಕ್ಕದ ವೀರ್ಯಕೋಶಿಕೆಯಿಂದ ಎಂಬುದು ಆಮೇಲೆ ತಿಳಿಯಿತು. ಇನ್ನೂ ಆಮೇಲೆ, ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಅಂಗಾಂಶವೂ ಇದನ್ನು ತಯಾರಿಸಬಲ್ಲದೆಂದು ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ತಯಾರಿಕೆ ನಡೆಯುವುದು ಕೋಶದ ಪೊರೆಯಲ್ಲಿ. ಪೊರೆ ಕೊಬ್ಬಿನ ಅಣುಗಳ ಹಾಸು. ಅದರಲ್ಲಿ ಅರಾಕಿಡೋನಿಕ್ ಆಮ್ಲವೆಂಬ, 20 ಇಂಗಾಲಗಳ ಉದ್ದದ ಕೊಬ್ಬಿನಾಮ್ಲ ಹುದುಗಿರುತ್ತದೆ. ಪೆಟ್ಟು ಬಿದ್ದರೆ, ಸೋಂಕು ತಗುಲಿದರೆ ಒಂದು ಕಿಣ್ವ ಅದನ್ನು ಪೊರೆಯಿಂದ ಕತ್ತರಿಸಿ ತೆಗೆಯುತ್ತದೆ. ಕಾಕ್ಸ್ ಎಂದು ಚಿಕ್ಕದಾಗಿ ಕರೆಯುವ ಸೈಕ್ಲೋಆಕ್ಸಿಜಿನೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಬಾಗಿಸಿ, ಆಮ್ಲಜನಕ ಸೇರಿಸಿ, ನಡುವೆ ಐದು ಮೂಲೆಯ ಉಂಗುರ ಕಟ್ಟುತ್ತದೆ. ಅಲ್ಲಿಂದ ಮುಂದೆ ಯಾವ ಕೋಶದಲ್ಲಿ ಯಾವ ಕಿಣ್ವ ಇದೆಯೋ ಅದರಂತೆ ಪಿಜಿಇ-2, ಪಿಜಿಡಿ-2, ಪಿಜಿಐ-2, ಥ್ರಾಂಬಾಕ್ಸೇನ್ ಮುಂತಾದ ಬಂಧುಗಳು ಹುಟ್ಟುತ್ತಾರೆ.

ಇನ್ಸುಲಿನ್ನಿನಂತೆ ಇವನ್ನು ಕೂಡಿಟ್ಟುಕೊಳ್ಳುವ ಉಗ್ರಾಣ ಇಲ್ಲ. ಬೇಕಾದಾಗ ಮಾಡಿ, ಆಗಲೇ ಹೊರಗೆ ಬಿಡಬೇಕು. ಹೆಚ್ಚು ದೂರ ಹೋಗುವ ಹಾಗೂ ಇಲ್ಲ. ರಕ್ತಕ್ಕೆ ಸೇರಿದ ಪಿಜಿಇ-2ರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ಶ್ವಾಸಕೋಶ ಒಂದೇ ಸುತ್ತಿನಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ಇದು ಊರಿಗೆಲ್ಲ ಸಾರುವ ಡಂಗುರವಾಗಲಾರದು. ನೆರೆಮನೆಯವರ ಕಿವಿಯಲ್ಲಿ ಆಡುವ ಮಾತು ಇದು. ಕೇಳಿಸಿಕೊಳ್ಳುವ ನೆರೆಯವರಲ್ಲಿ ಮುಖ್ಯವಾದವು ರೋಗನಿರೋಧಕ ಕೋಶಗಳು.

ಉಬ್ಬಸಕ್ಕೆ ಮರಳೋಣ. ಶ್ವಾಸನಾಳದ ಗೋಡೆಯಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಪಡೆಯಿದೆ. ಅಲರ್ಜಿ ಇರುವವರಲ್ಲಿ ಹೂವಿನ ಪರಾಗವೋ ಮನೆದೂಳಿನ ನುಸಿಯ ಕಣವೋ ಬಂದು ತಾಗಿದ ಕೂಡಲೇ ಇವು ಸಿಡಿಯುತ್ತವೆ. ಮೊದಲು ಹೊರಬೀಳುವುದು ಕೂಡಿಟ್ಟ ಹಿಸ್ಟಮಿನ್. ಕೆಲವೇ ನಿಮಿಷಗಳಲ್ಲಿ ಪಿಜಿಡಿ-2 ಹೊಸದಾಗಿ ತಯಾರಾಗಿ ಬರುತ್ತದೆ, ಜೊತೆಗೆ ಅದೇ ಅರಾಕಿಡೋನಿಕ್ ಆಮ್ಲದಿಂದ ಬೇರೆ ಕವಲಿನಲ್ಲಿ ಹುಟ್ಟುವ ಲ್ಯೂಕೋಟ್ರೈನ್‌ಗಳು. 1984ರಲ್ಲಿ ಬ್ರಿಟನ್ನಿನ ಸಂಶೋಧಕರು ಸ್ವಯಂಸೇವಕರಿಗೆ ಪಿಜಿಡಿ-2ನ್ನು ಉಸಿರಿನ ಮೂಲಕ ಕೊಟ್ಟು, ಅದು ಶ್ವಾಸನಾಳವನ್ನು ಬಲವಾಗಿ ಬಿಗಿಯುವುದನ್ನು ತೋರಿಸಿದರು. ಉಬ್ಬಸ ಇದ್ದವರಲ್ಲಿ ಬಿಗಿತ ಹೆಚ್ಚು.

ಬಿಗಿಯುವುದು ಅದರ ಅರ್ಧ ಕೆಲಸ ಮಾತ್ರ. ಪಿಜಿಡಿ-2 ದೂತನೂ ಹೌದು. ಅಲರ್ಜಿಯ ಪಾಳಯಕ್ಕೆ ಸೇರಿದ ಟಿಎಚ್-2 ಕೋಶ, ಇಯೋಸಿನೋಫಿಲ್, ಬೇಸೋಫಿಲ್‌ಗಳ ಮೈಮೇಲೆ ಅದಕ್ಕೊಂದು ಗ್ರಾಹಕವಿದೆ. ಗ್ರಾಹಕ ಎಂದರೆ ಕೋಶದ ಕಿವಿ ಎಂದುಕೊಳ್ಳಬಹುದು. ಈ ಮಾತು ಕಿವಿಗೆ ಬಿದ್ದ ಕೋಶಗಳು ರಕ್ತನಾಳ ಬಿಟ್ಟು ಶ್ವಾಸನಾಳದ ಗೋಡೆಗೆ ನುಗ್ಗುತ್ತವೆ. ಮೊದಲ ದಮ್ಮು ಇಳಿದು ಸ್ವಲ್ಪ ಹೊತ್ತು ಹಾಯೆನಿಸಿ, ಕೆಲವು ಗಂಟೆಗಳ ಮೇಲೆ ಮತ್ತೆ ಉಸಿರು ಕಟ್ಟುತ್ತದಲ್ಲ, ಆ ಎರಡನೇ ಸುತ್ತಿನಲ್ಲಿ ಹೀಗೆ ಬಂದು ಸೇರಿದ ಕೋಶಗಳ ಪಾಲು ದೊಡ್ಡದು.

ಈ ವಿಷಯ ಹೊಸೂರು–ಬೆಂಗಳೂರು ಸೀಮೆಯವರಿಗೆ ಪುಸ್ತಕದ ಮಾತಾಗಿ ಉಳಿದಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಎರಡು ದಶಕಗಳಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ ಅವರಲ್ಲಿ ಉಬ್ಬಸದವರು ಶೇ 9, 1999ರ ಹೊತ್ತಿಗೆ ಶೇ 29.5. ಆಸ್ಪತ್ರೆಗೆ ಬಂದ ಮಕ್ಕಳ ಈ ಲೆಕ್ಕವನ್ನು ಇಡೀ ಊರಿನದೆಂದು ಓದಬಾರದು. ಆದರೂ ಏರಿಕೆಯ ದಿಕ್ಕು ಎದೆ ನಡುಗಿಸುವಂಥದ್ದು.

ಇಷ್ಟು ಕೇಳಿದವರಿಗೆ ಪ್ರೊಸ್ಟಾಗ್ಲಾಂಡಿನ್ ಎಂದರೆ ಖಳನಾಯಕ ಅನ್ನಿಸುವುದು ಸಹಜ. ವಿಜ್ಞಾನಿಗಳಿಗೂ ಬಹಳ ಕಾಲ ಹಾಗೇ ಅನ್ನಿಸಿತ್ತು, ಅದಕ್ಕೆ ಬಲವಾದ ಕಾರಣವೂ ಇತ್ತು. 1969ರಲ್ಲಿ ಲಂಡನ್ನಿನಲ್ಲಿ ಪ್ರಿಸಿಲ್ಲಾ ಪೈಪರ್ ಮತ್ತು ಜಾನ್ ವೇನ್ ಅಲರ್ಜಿಗೆ ಒಳಗಾದ ಗಿನಿಪಿಗ್ ಶ್ವಾಸಕೋಶದಿಂದ ರಕ್ತನಾಳವನ್ನು ಬಿಗಿಯುವ ಅಜ್ಞಾತ ವಸ್ತುವೊಂದು ಹೊರಬರುವುದನ್ನು ಕಂಡರು. ಆಸ್ಪಿರಿನ್ ಹಾಕಿದರೆ ಅದು ಬರುತ್ತಿರಲಿಲ್ಲ. ಎರಡು ವರ್ಷಗಳ ಬಳಿಕ, 1971ರಲ್ಲಿ, ಆಸ್ಪಿರಿನ್ ಮತ್ತು ಅದರ ಜಾತಿಯ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತವೆಂದು ವೇನ್ ಸಾಧಿಸಿ ತೋರಿಸಿದರು. 1899ರಿಂದ ಮಾರಾಟವಾಗುತ್ತಿದ್ದ ಮಾತ್ರೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು 70 ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಸ್ವೀಡನ್ನಿನ ಸುನೆ ಬರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಅವರ ಜೊತೆ ವೇನ್ 1982ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನೋವು, ಜ್ವರ, ಬಾವುಗಳಿಗೆ ಮೂಲ ಪ್ರೊಸ್ಟಾಗ್ಲಾಂಡಿನ್, ಅದನ್ನು ತಡೆಯುವುದು ಮಾತ್ರೆ: ಲೆಕ್ಕ ಎಷ್ಟು ಸಲೀಸಾಗಿ ಕಂಡಿತು!

ಲೆಕ್ಕ ಎಲ್ಲಿ ತಪ್ಪುತ್ತದೆಂದು ನೋಡಲು ತೋಟಕ್ಕೆ ಹೋಗಬೇಕು. ಹೊಸೂರು, ಬಾಗಲೂರು, ತಳಿ ಸುತ್ತಮುತ್ತಲ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುತ್ತಾರೆ. ತಾಜ್‌ಮಹಲ್ ಎಂಬ ಕೆಂಪು ತಳಿ ಇಲ್ಲಿಂದ ಹೊರದೇಶಕ್ಕೂ ಹೋಗುತ್ತದೆ. ಹೂ ಕೊಯ್ಯುವ ಹೆಂಗಸರ ಬೆರಳಿಗೆ ಮುಳ್ಳು ಚುಚ್ಚುವುದು ದಿನನಿತ್ಯದ ಮಾತು. ಮುಳ್ಳು ಹೊಕ್ಕ ಜಾಗದಲ್ಲಿ ಪೆಟ್ಟು ತಿಂದ ಕೋಶಗಳೂ ಅಲ್ಲೇ ಕಾದಿದ್ದ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳೂ ಪಿಜಿಇ-2, ಪಿಜಿಐ-2ಗಳನ್ನು ಸುರಿಯುತ್ತವೆ. ರಕ್ತನಾಳ ಹಿಗ್ಗುತ್ತದೆ, ಬೆರಳು ಕೆಂಪಾಗುತ್ತದೆ. ನಾಳದಿಂದ ದ್ರವ ಜಿನುಗಿ ಬಾವು ಏಳುತ್ತದೆ. ನೋವಿನ ನರಗಳು ಎಷ್ಟು ಸೂಕ್ಷ್ಮವಾಗುತ್ತವೆಂದರೆ ಸೀರೆಯ ಸೆರಗು ತಾಗಿದರೂ ಜೀವ ಹೋದಂತಾಗುತ್ತದೆ. ಹಿಗ್ಗಿದ ನಾಳದಿಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಹೊರಗೆ ನುಸುಳಿ ಮುಳ್ಳಿನ ಜೊತೆ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ನುಂಗತೊಡಗುತ್ತವೆ.

ಎರಡು ಮೂರು ದಿನಕ್ಕೆ ಬಾವು ತಾನಾಗಿಯೇ ಇಳಿಯುತ್ತದೆ. ಬೆಂಕಿ ಉರಿದು ಮುಗಿದ ಹಾಗೆ ಉರಿಯೂತವೂ ಸೌದೆ ಮುಗಿದು ಆರುತ್ತದೆಂದು ಮೊದಲು ತಿಳಿದಿದ್ದರು. 1999ರಲ್ಲಿ ಲಂಡನ್ನಿನ ಡೆರೆಕ್ ಗಿಲ್ರಾಯ್ ಮತ್ತು ಸಂಗಡಿಗರು ಇಲಿಗಳ ಎದೆಗೂಡಿನಲ್ಲಿ ಉರಿಯೂತ ಎಬ್ಬಿಸಿ ಗಂಟೆಗಂಟೆಗೂ ಅಳೆದರು. ಕಾಕ್ಸ್‌ನ ಒಂದು ಬಗೆಯಾದ ಕಾಕ್ಸ್-2 ಕಿಣ್ವ ಎರಡನೇ ಗಂಟೆಯಲ್ಲಿ ಏರಿತು, ಆಗ ಬಂದದ್ದು ಪಿಜಿಇ-2. ಆಮೇಲೆ ಬಾವು ಇಳಿಯುತ್ತಿದ್ದ 48ನೇ ಗಂಟೆಯಲ್ಲಿ ಅದೇ ಕಿಣ್ವ ಮತ್ತೆ, ಮೊದಲಿಗಿಂತಲೂ ಬಹಳ ಹೆಚ್ಚಾಗಿ ಏರಿತು. ಈ ಸಲ ಅದರ ಜೊತೆಗಿದ್ದದ್ದು ಪಿಜಿಡಿ-2 ಮತ್ತು ಅದರಿಂದ ಹುಟ್ಟುವ ಇನ್ನೊಂದು ಅಣು. ಈ ಎರಡನೇ ಹಂತದಲ್ಲಿ ಕಾಕ್ಸ್ ತಡೆಯುವ ಔಷಧ ಕೊಟ್ಟರೆ ಉರಿಯೂತ ಇಳಿಯುವ ಬದಲು ಜಗ್ಗಿಕೊಂಡು ಕೂತಿತು.

ಉಬ್ಬಸದಲ್ಲಿ ಉಸಿರು ಕಟ್ಟಿಸಿದ ಪಿಜಿಡಿ-2 ಇಲ್ಲಿ ಬೆಂಕಿ ಆರಿಸುವವರ ಸಾಲಿನಲ್ಲಿ ನಿಂತಿದೆ. ಹೀಗಾಗಲು ಕಾರಣ ಕಿವಿಗಳು.

ಪಿಜಿಇ-2ಕ್ಕೆ ಇಪಿ-1ರಿಂದ ಇಪಿ-4ರವರೆಗೆ ನಾಲ್ಕು ಬಗೆಯ ಗ್ರಾಹಕಗಳಿವೆ. ಜಪಾನಿನ ಶುಹ್ ನರುಮಿಯಾ ಅವರ ತಂಡ 1990ರ ದಶಕದಲ್ಲಿ ಇವನ್ನು ಒಂದೊಂದಾಗಿ ಬೇರ್ಪಡಿಸಿ, ಒಂದೊಂದು ಇಲ್ಲದ ಇಲಿಗಳನ್ನೂ ಬೆಳೆಸಿತು. 1998ರಲ್ಲಿ ಅವರು ಪ್ರಕಟಿಸಿದಂತೆ, ಇಪಿ-3 ಇಲ್ಲದ ಇಲಿಗೆ ಏನು ಮಾಡಿದರೂ ಜ್ವರ ಬರಲಿಲ್ಲ. ಸೋಂಕಿನ ಸುದ್ದಿಯನ್ನು ಮಿದುಳಿನ ಉಷ್ಣನಿಯಂತ್ರಕಕ್ಕೆ ಮುಟ್ಟಿಸುವ ಬಾಗಿಲು ಅದೇ.

ಈ ಜ್ವರದ ಇನ್ನೊಂದು ಮುಖ ಕರ್ನಾಟಕದಲ್ಲೇ ಕಂಡಿತ್ತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಪ್ರೊಸ್ಟಾಗ್ಲಾಂಡಿನ್ ಮಾದರಿಯ ಮಾತ್ರೆ ನೆರವಾದೀತೇ ಎಂದು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರೊಡನೆ ಪರೀಕ್ಷೆ ನಡೆಯಿತು. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಇದರಲ್ಲಿದ್ದರು. ಮಾತ್ರೆ ಕೊಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದು ಬಡದೇಶಗಳ ಹೆರಿಗೆ ಆರೈಕೆಯ ಚರ್ಚೆಗೆ ಬಲ ಕೊಟ್ಟಿತು. ಮಾತ್ರೆ ನುಂಗಿದ ತಾಯಂದಿರಲ್ಲಿ ಸ್ವಲ್ಪ ಹೊತ್ತಿನ ಚಳಿ ನಡುಕವೂ ಜ್ವರವೂ ಹೆಚ್ಚಾಗಿ ಕಂಡಿದ್ದವು. ಸೋಂಕೇ ಇಲ್ಲದೆ, ಪ್ರೊಸ್ಟಾಗ್ಲಾಂಡಿನ್ ಕುಟುಂಬದ ಅಣುವೊಂದರಿಂದಲೇ ಮೈ ಬಿಸಿಯಾದದ್ದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ರೋಗನಿರೋಧಕ ಪಡೆಯ ಟಿ-ಕೋಶಗಳ ಮೈಮೇಲಿರುವುದು ಮುಖ್ಯವಾಗಿ ಇಪಿ-2, ಇಪಿ-4. ಪಿಜಿಇ-2 ಬಂದು ಕೂತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣು ಏರುತ್ತದೆ. ಅದು ಏರಿದಂತೆ, ಟಿ-ಕೋಶ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಲು ಬೇಕಾದ ಇಂಟರ್‌ಲ್ಯೂಕಿನ್-2ರ ತಯಾರಿಕೆ ಇಳಿಯುತ್ತದೆ. ಯುದ್ಧಕ್ಕೆ ಹೊರಟ ಪಡೆಗೆ ಅನ್ನ ನಿಂತ ಹಾಗೆ. ಮ್ಯಾಕ್ರೋಫೇಜ್‌ಗಳಲ್ಲೂ ಇದೇ ಅಣು ಉರಿ ಹೆಚ್ಚಿಸುವ ಟಿಎನ್‌ಎಫ್ ಅನ್ನು ತಗ್ಗಿಸಿ, ಸಮಾಧಾನ ಪಡಿಸುವ ಇಂಟರ್‌ಲ್ಯೂಕಿನ್-10ನ್ನು ಹೆಚ್ಚಿಸುತ್ತದೆ. ಸೋಂಕುಳ್ಳ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳ ಕೈಯನ್ನೂ ಅದು ಹಿಡಿಯುತ್ತದೆ. ರಕ್ತನಾಳದ ಮೇಲೆ ಬೆಂಕಿ ಹೊತ್ತಿಸುವ ಪಿಜಿಇ-2 ಬಿಳಿ ರಕ್ತಕಣಗಳ ನಡುವೆ ಹೀಗೆ ನೀರು ಹೊಯ್ಯುತ್ತದೆ. ಹೀಗೊಂದು ಕಡಿವಾಣ ಇಲ್ಲದಿದ್ದರೆ ಬೆರಳಿನ ಮುಳ್ಳಿಗೆ ಎದ್ದ ಸೈನ್ಯ ಬೆರಳನ್ನೇ ತಿಂದು ಹಾಕುತ್ತಿತ್ತು.

ಹಾಗೆಂದು ಪಿಜಿಇ-2 ಬರಿಯ ಕಡಿವಾಣವೂ ಅಲ್ಲ. 2009ರಲ್ಲಿ ನರುಮಿಯಾ ಅವರ ತಂಡವೇ ಇಲಿಗಳಲ್ಲಿ ಇನ್ನೊಂದನ್ನು ತೋರಿಸಿತು: ಇಪಿ-4ರ ಮೂಲಕ ಈ ಅಣು ಟಿಎಚ್-1 ಕೋಶಗಳ ಬೆಳವಣಿಗೆಗೂ ಟಿಎಚ್-17 ಕೋಶಗಳ ಹೆಚ್ಚಳಕ್ಕೂ ಇಂಬು ಕೊಡುತ್ತದೆ. ದೇಹ ತನ್ನ ಮೇಲೆ ತಾನೇ ಹರಿಹಾಯುವ ಕಾಯಿಲೆಗಳಲ್ಲಿ ಇವೆರಡರ ಕೈವಾಡ ಇರುತ್ತದೆ. ಡೆಂಡ್ರಿಟಿಕ್ ಕೋಶಗಳ ವಿಷಯವೂ ಹೀಗೇ. ರೋಗಾಣುವಿನ ತುಣುಕನ್ನು ಹೊತ್ತು ದುಗ್ಧಗ್ರಂಥಿಗೆ ಓಡಿ ಟಿ-ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ಗ್ರಂಥಿಯ ದಾರಿ ಹಿಡಿಯಲು ಬೇಕಾದ ಸಿಸಿಆರ್-7 ಎಂಬ ಗ್ರಾಹಕ ಕೆಲಸಕ್ಕೆ ಅಣಿಯಾಗಲು ಪಿಜಿಇ-2 ನೆರವಾಗುತ್ತದೆ.

ಲಸಿಕೆಯ ದಿನ ಅಂಗನವಾಡಿಯ ಮುಂದೆ ಮಗು ಎತ್ತಿಕೊಂಡು ನಿಂತ ತಾಯಿಗೂ ಇದರಲ್ಲಿ ತಿಳಿಯಬೇಕಾದ ಮಾತಿದೆ. ಜೆಕ್ ಗಣರಾಜ್ಯದಲ್ಲಿ 459 ಶಿಶುಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಲಸಿಕೆಯ ಹೊತ್ತಿಗೇ, ಜ್ವರ ಬರಲೆಂದು ಕಾಯದೆ, ಪ್ರೊಸ್ಟಾಗ್ಲಾಂಡಿನ್ ತಗ್ಗಿಸಿ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಕೊಟ್ಟ ಮಕ್ಕಳಿಗೆ ಜ್ವರವೇನೋ ಕಡಿಮೆ ಬಂತು, ಆದರೆ ಹಲವು ಲಸಿಕೆಗಳಿಗೆ ಹುಟ್ಟಿದ ಪ್ರತಿಕಾಯದ ಪ್ರಮಾಣವೂ ಕಡಿಮೆಯಾಗಿತ್ತು. ಲಸಿಕೆ ಕೆಲಸಕ್ಕೆ ಬಾರದಷ್ಟು ಕಡಿಮೆಯೇನೂ ಆಗಿರಲಿಲ್ಲ, ಗಾಬರಿ ಬೇಡ. ಜ್ವರ ಬಂದ ಮೇಲೆ ಸಿಸ್ಟರು ಹೇಳಿದಷ್ಟು ಹನಿ ಹಾಕುವುದು ಒಂದು, ಬರುವ ಮೊದಲೇ ಮುಂಜಾಗ್ರತೆಯೆಂದು ಕುಡಿಸುವುದು ಇನ್ನೊಂದು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ತಾಯಂದಿರು ಖಂಡಿತ ಕೇಳುತ್ತಾರೆ.

ಕ್ಯಾನ್ಸರ್ ಗೆಡ್ಡೆಗಳಿಗೆ ಈ ಕಿವಿಮಾತಿನ ಗುಟ್ಟು ಚೆನ್ನಾಗಿಯೇ ಗೊತ್ತು. ಹಲವು ಗೆಡ್ಡೆಗಳು ಕಾಕ್ಸ್-2 ಹೆಚ್ಚಿಸಿಕೊಂಡು ಸುತ್ತಲೂ ಪಿಜಿಇ-2 ತುಂಬಿ, ಕೊಲ್ಲಲು ಬಂದ ಟಿ-ಕೋಶಗಳನ್ನು ಮಂಕಾಗಿಸುತ್ತವೆ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಇಲಿಯ ಚರ್ಮದ ಕ್ಯಾನ್ಸರ್ ಕೋಶಗಳಿಂದ ಕಾಕ್ಸ್ ವಂಶವಾಹಿಗಳನ್ನು ತೆಗೆದುಹಾಕಿದಾಗ ಇಲಿಯ ರೋಗನಿರೋಧಕ ವ್ಯವಸ್ಥೆಯೇ ಆ ಗೆಡ್ಡೆಯನ್ನು ಅಳಿಸಿತು. ಗೆಡ್ಡೆಯೊಳಗೆ ಟಿ-ಕೋಶಗಳು ಹೆಚ್ಚದಂತೆ ಪಿಜಿಇ-2 ತಡೆಯುವುದನ್ನು 2024ರಲ್ಲಿ ನೇಚರ್ ಪತ್ರಿಕೆಯ ಎರಡು ಪ್ರಬಂಧಗಳು ತೋರಿಸಿದವು. ಇದನ್ನು ಓದಿ ಕ್ಯಾನ್ಸರಿಗೆಂದು ಯಾರೂ ತಾವೇ ಆಸ್ಪಿರಿನ್ ನುಂಗಬಾರದು. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಾಗ್ಲಾಂಡಿನ್ನೇ. ಅದು ನಿಂತರೆ ಹುಣ್ಣು, ರಕ್ತಸ್ರಾವ.

ಈ ಅಣುಗಳ ಎರಡು ಮುಖ ಅತ್ಯಂತ ತೀವ್ರವಾಗಿ ಎದುರಾಗುವುದು ಮತ್ತೆ ಉಬ್ಬಸದಲ್ಲೇ. ಉಬ್ಬಸದ ವಯಸ್ಕರಲ್ಲಿ ಸುಮಾರು ಶೇ 7 ಮಂದಿಗೆ ಆಸ್ಪಿರಿನ್ ಆಗಿಬರುವುದಿಲ್ಲ. ಇಂಥವರ ಮೂಗಿನಲ್ಲಿ ದುರ್ಮಾಂಸ ಬೆಳೆದಿರುತ್ತದೆ, ವಾಸನೆ ಹೋಗಿರುತ್ತದೆ. ತಲೆನೋವೆಂದೋ ಮಂಡಿನೋವೆಂದೋ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಲ್ಲಿ ಯಾವುದನ್ನು ನುಂಗಿದರೂ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸೋರಿ, ಮುಖ ಕೆಂಪೇರಿ, ಜೀವಕ್ಕೇ ಅಪಾಯ ತರುವ ದಮ್ಮು ಬರಬಹುದು. ಮಾತ್ರೆ ಪಿಜಿಡಿ-2ನ್ನು ತಡೆಯುವುದರಿಂದ ಉಬ್ಬಸ ಇಳಿಯಬೇಕಿತ್ತಲ್ಲವೇ?

ಪೋಲೆಂಡಿನ ಕ್ರಾಕೂವ್ ನಗರದ ಆಂಜೆಯ್ ಶ್ಚೆಕ್ಲಿಕ್ 1975ರಲ್ಲಿ ಇದಕ್ಕೆ ದಾರಿ ತೋರಿದರು. ಕಾಕ್ಸ್ ತಡೆಯುವ ಮಾತ್ರೆಗಳೆಲ್ಲ ಇವರಿಗೆ ದಮ್ಮು ತರಿಸುತ್ತವೆ, ಎಷ್ಟು ಬಲವಾಗಿ ತಡೆಯುತ್ತವೋ ಅಷ್ಟು ಬಲವಾಗಿ. ರಾಸಾಯನಿಕವಾಗಿ ಒಂದಕ್ಕೊಂದು ಸಂಬಂಧವಿಲ್ಲದ ಮಾತ್ರೆಗಳೂ ಹೀಗೇ ಮಾಡುತ್ತಿದ್ದುದರಿಂದ ಇದು ಸಾಮಾನ್ಯ ಅಲರ್ಜಿಯಾಗಿರಲಾರದು. ಮುಂದಿನ ದಶಕಗಳಲ್ಲಿ ಚಿತ್ರ ಪೂರ್ತಿಯಾಯಿತು. ಶ್ವಾಸನಾಳದಲ್ಲಿ ಪಿಜಿಇ-2 ಮಾಸ್ಟ್ ಕೋಶಗಳ ಹೆಗಲ ಮೇಲೆ ಕೈಯಿಟ್ಟು ಸುಮ್ಮನಿರಿಸುವ ಹಿರಿಯನಂತೆ. ಈ ರೋಗಿಗಳಲ್ಲಿ ಅದು ಮೊದಲೇ ಕಡಿಮೆ. ಮಾತ್ರೆ ಉಳಿದದ್ದನ್ನೂ ಕಿತ್ತುಕೊಂಡ ಕೂಡಲೇ ಮಾಸ್ಟ್ ಕೋಶಗಳು ಲ್ಯೂಕೋಟ್ರೈನ್‌ಗಳನ್ನು ಪ್ರವಾಹದಂತೆ ಹರಿಯಬಿಡುತ್ತವೆ. ಒಂದು ನುಡಿಯನ್ನು ಅಡಗಿಸಲು ಹೋಗಿ ಇನ್ನೊಂದನ್ನೂ ಅಡಗಿಸಿದ ಫಲ.

ಹಾಗಾದರೆ ಪಿಜಿಡಿ-2ರ ಕಿವಿಯೊಂದನ್ನೇ ಮುಚ್ಚಿದರೆ? ಆ ಪ್ರಯತ್ನವೂ ನಡೆಯಿತು. ಅಲರ್ಜಿ ಕೋಶಗಳ ಮೇಲಿನ ಪಿಜಿಡಿ-2 ಗ್ರಾಹಕಕ್ಕೆ ಬೀಗ ಹಾಕುವ ಫೆವಿಪಿಪ್ರಾಂಟ್ ಎಂಬ ಮಾತ್ರೆಯನ್ನು ನೊವಾರ್ಟಿಸ್ ಕಂಪನಿ ದೊಡ್ಡ ಪರೀಕ್ಷೆಗಳ ಹಂತದವರೆಗೆ ತಂದಿತು. ಫಲ ಸಾಲದೆ 2019ರಲ್ಲಿ ಉಬ್ಬಸಕ್ಕಾಗಿ ಅದನ್ನು ಮುಂದುವರಿಸುವುದನ್ನು ಕೈಬಿಟ್ಟಿತು. ನೂರು ಜನ ಮಾತಾಡುವ ಸಂತೆಯಲ್ಲಿ ಒಬ್ಬರ ಬಾಯಿ ಕಟ್ಟಿದರೆ ಗದ್ದಲ ನಿಲ್ಲದು. ಇಂದು ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ಇನ್‌ಹೇಲರ್ ಗೆಲ್ಲುವುದಕ್ಕೆ ಒಂದು ಕಾರಣ, ಅದು ಒಂದೇ ಬಾಯಿಗೆ ಬೀಗ ಹಾಕದೆ ಉರಿಯೂತದ ಹಲವು ಬಾಯಿಗಳ ದನಿಯನ್ನು ಒಟ್ಟಿಗೆ ತಗ್ಗಿಸುತ್ತದೆ. ಔಷಧ ನೇರ ಶ್ವಾಸನಾಳಕ್ಕೇ ಹೋಗುವುದು ಇನ್ನೊಂದು. ಇನ್‌ಹೇಲರ್ ಚಟ ಹಿಡಿಸುತ್ತದೆಂಬ ಭಯ ನಮ್ಮ ಹಳ್ಳಿ ಪೇಟೆಗಳಲ್ಲಿ ಇನ್ನೂ ಹೋಗಿಲ್ಲ. ಆ ಭಯಕ್ಕೆ ಆಧಾರವಿಲ್ಲ, ಅದಕ್ಕಾಗಿ ಮಕ್ಕಳು ರಾತ್ರಿಯೆಲ್ಲ ಕೂತು ಉಸಿರಿಗೆ ಒದ್ದಾಡುವುದು ನೋಡಲಾಗದ ಸಂಕಟ.

ಆಸ್ಪಿರಿನ್ ಒಗ್ಗದವರಿಗೆ ಇನ್ನೊಂದು ದಾರಿ ಇದೆ. ರಾಜಾಜಿ ವೆಲ್ಲೂರು ಜೈಲಿನಿಂದ ಹೊರಬಂದ 1922ರಲ್ಲೇ ಪ್ಯಾರಿಸಿನ ಫೆರ್ನಾಂ ವಿಡಾಲ್ ಇಂಥ ರೋಗಿಯೊಬ್ಬರ ವಿವರ ಪ್ರಕಟಿಸಿದರು. ಆಸ್ಪಿರಿನ್ನಿಗೆ ದಮ್ಮು ಬರುತ್ತಿದ್ದ ಆ ರೋಗಿಗೆ ಅವರು ಅದನ್ನೇ ಚೂರುಚೂರಾಗಿ ಹೆಚ್ಚಿಸುತ್ತ ಕೊಟ್ಟು ಒಗ್ಗಿಸಿದ್ದರು. ಈಗಲೂ ಹಾಗೆಯೇ ಮಾಡುತ್ತಾರೆ, ಆದರೆ ಆಸ್ಪತ್ರೆಯಲ್ಲಿ, ಆಮ್ಲಜನಕ ಮತ್ತು ತುರ್ತು ಮದ್ದು ಪಕ್ಕದಲ್ಲಿಟ್ಟುಕೊಂಡು. 20–40 ಮಿಲಿಗ್ರಾಂನಿಂದ ಶುರುಮಾಡಿ ಗಂಟೆಗಳ ಅಂತರದಲ್ಲಿ ಏರಿಸುತ್ತ ಹೋಗುತ್ತಾರೆ. ಒಮ್ಮೆ ಒಗ್ಗಿದ ಮೇಲೆ ರೋಗಿ ಅದೇ ಆಸ್ಪಿರಿನ್ನನ್ನು ದಿನವೂ ತಪ್ಪದೆ ನುಂಗಬೇಕು. ಹಲವರಲ್ಲಿ ಮೂಗಿನ ದುರ್ಮಾಂಸ ಮರಳಿ ಬೆಳೆಯುವುದು ನಿಧಾನವಾಗುತ್ತದೆ, ಹೋಗಿದ್ದ ವಾಸನೆ ಮರಳುತ್ತದೆ. ಕೆಲವು ದಿನ ಮಾತ್ರೆ ಬಿಟ್ಟರೆ ಒಗ್ಗಿದ್ದೆಲ್ಲ ಅಳಿಸಿಹೋಗಿ, ಮುಂದಿನ ಮಾತ್ರೆ ಮತ್ತೆ ದಮ್ಮು ತರಬಹುದು. ಆಗ ಆಸ್ಪತ್ರೆಯ ಹಾಸಿಗೆಯಲ್ಲಿ, ಮತ್ತೆ ಸಣ್ಣ ಚೂರಿನಿಂದಲೇ ಶುರುಮಾಡಬೇಕಾಗುತ್ತದೆ.